ಬೈಬಲನ್ನು ಅಕ್ಷರಶಃ ನಂಬಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಸುವಾರ್ತೆ ಸಾರುವವರ ಜೊತೆ ನಾನು ಬಹಳ ವರ್ಷಗಳಿಂದ ಮಾತಾಡುತ್ತಾ ಬಂದಿದ್ದೇನೆ. ರೈಲಿನಲ್ಲಿ ಪಕ್ಕದ ಸೀಟಿನವರು, ಬಾಗಿಲು ತಟ್ಟಿದವರು, ಆಸ್ಪತ್ರೆಯ ವಾರ್ಡಿಗೆ ಬಂದವರು, ನನ್ನದೇ ಹಳೆಯ ಗೆಳೆಯರು. ಅವರಿಂದ ಕರಪತ್ರ ತೆಗೆದುಕೊಂಡವರು ಆಮೇಲೆ ಬಂದು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಇರುತ್ತವೆ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಅಧ್ಯಾಯ ಮತ್ತು ವಚನದ ಸಂಖ್ಯೆ ಕೊಟ್ಟಿರುವುದು ನೀವೇ ತೆಗೆದು ಓದಲಿ ಅಂತ.

ಅಕ್ಷರಶಃ ನಂಬುವುದು ಅಂದರೆ ಏನು?

ಬೈಬಲಿನ ಒಂದೊಂದು ಮಾತೂ ದೇವರು ಬರೆಸಿದ್ದು, ಹಾಗಾಗಿ ಅದರಲ್ಲಿ ತಪ್ಪು ಇರಲು ಸಾಧ್ಯವೇ ಇಲ್ಲ ಅನ್ನುವ ನಿಲುವು. ಧರ್ಮದ ವಿಷಯದಲ್ಲಿ ಮಾತ್ರ ಅಲ್ಲ, ಇತಿಹಾಸ ಮತ್ತು ವಿಜ್ಞಾನದ ವಿಷಯದಲ್ಲೂ. 1978ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಇವಾಂಜೆಲಿಕಲ್ (ಬೈಬಲಿಗೆ ಮತ್ತು ಸುವಾರ್ತೆ ಸಾರುವುದಕ್ಕೆ ಒತ್ತು ಕೊಡುವ ಪ್ರಾಟೆಸ್ಟೆಂಟ್) ಮುಖಂಡರು ಸೇರಿ ಈ ನಿಲುವನ್ನು ಒಂದು ಹೇಳಿಕೆಯಾಗಿ ಬರೆದರು. ಇನ್ನೂರಕ್ಕೂ ಹೆಚ್ಚು ಜನ ಅದಕ್ಕೆ ಸಹಿ ಹಾಕಿದರು. ಸೃಷ್ಟಿ ಮತ್ತು ಜಲಪ್ರಳಯದ ಬಗ್ಗೆ ಬೈಬಲ್ ಹೇಳುವುದನ್ನು ವಿಜ್ಞಾನದ ಊಹೆಗಳಿಂದ ತಳ್ಳಿಹಾಕುವ ಹಾಗಿಲ್ಲ ಅಂತ ಅದರಲ್ಲಿದೆ.

ಅವರ ಪರವಾಗಿ ಒಂದು ಮಾತು ಹೇಳಲೇಬೇಕು. 'ಯೆಹೋವನು ನನಗೆ ಕುರುಬನು' ಅಂತ ಕೀರ್ತನೆಯಲ್ಲಿ ಬಂದರೆ ದೇವರ ಕೈಯಲ್ಲಿ ನಿಜವಾಗಿಯೂ ಕೋಲು ಇದೆ ಅಂತ ಅವರು ಯಾರೂ ಹೇಳುವುದಿಲ್ಲ. ಕವಿತೆ ಕವಿತೆಯೇ ಅಂತ ಅವರೂ ಒಪ್ಪುತ್ತಾರೆ. ಜಗಳ ಇರುವುದು ಕವಿತೆ ಎಲ್ಲಿ ಮುಗಿಯುತ್ತೆ, ವರದಿ ಎಲ್ಲಿ ಶುರುವಾಗುತ್ತೆ ಅನ್ನುವುದರ ಬಗ್ಗೆ.

ನೀವು ಕ್ರೈಸ್ತರ ವಿರೋಧಿನಾ?

ಅಲ್ಲ. ನಂಬುವ ಹಕ್ಕು, ತಾನು ನಂಬಿದ್ದನ್ನು ಇನ್ನೊಬ್ಬರಿಗೆ ಹೇಳುವ ಹಕ್ಕು ಎಲ್ಲರಿಗೂ ಇರಬೇಕು. ಪ್ರಶ್ನೆ ಕೇಳುವ ಹಕ್ಕೂ ಹಾಗೇ. ಪ್ರಾರ್ಥನೆಗೆ ಕೂತವರನ್ನು ಹೆದರಿಸುವವರು, ಹೊಡೆಯುವವರು ದಯವಿಟ್ಟು ನನ್ನ ಮಾತನ್ನು ಬಳಸಿಕೊಳ್ಳಬೇಡಿ. ನಾನು ನಿಮ್ಮ ಕಡೆಯವನಲ್ಲ.

ಕ್ರೈಸ್ತರೆಲ್ಲ ಮೊದಲಿನಿಂದಲೂ ಹೀಗೇ ಓದುತ್ತಿದ್ದರಾ?

ಇಲ್ಲ. ಮೂರನೆಯ ಶತಮಾನದಲ್ಲಿದ್ದ ಆರಿಜೆನ್ ಅನ್ನುವ ಕ್ರೈಸ್ತ ಪಂಡಿತರು ಆಗಲೇ ಒಂದು ಪ್ರಶ್ನೆ ಎತ್ತಿದ್ದರು. ಸೂರ್ಯ ಹುಟ್ಟಿದ್ದು ನಾಲ್ಕನೆಯ ದಿನ. ಹಾಗಾದರೆ ಮೊದಲ ಮೂರು ದಿನಗಳ ಸಂಜೆ, ಬೆಳಗ್ಗೆ ಹೇಗೆ ಆದವು? ಐದನೆಯ ಶತಮಾನದ ಶುರುವಿನಲ್ಲಿ ಅಗಸ್ಟೀನರು ಇನ್ನೂ ಕಟುವಾಗಿ ಬರೆದರು. ಭೂಮಿ, ಆಕಾಶ, ನಕ್ಷತ್ರಗಳ ಬಗ್ಗೆ ಹೊರಗಿನವರಿಗೆ ಚೆನ್ನಾಗಿ ಗೊತ್ತಿರುತ್ತೆ. ಅಂಥವರ ಮುಂದೆ ಕ್ರೈಸ್ತನೊಬ್ಬ ಧರ್ಮಗ್ರಂಥದ ಹೆಸರಲ್ಲಿ ತಪ್ಪು ಹೇಳಿದರೆ, ಅದೇ ಗ್ರಂಥ ಪುನರುತ್ಥಾನದ ಬಗ್ಗೆ ಹೇಳುವುದನ್ನು ಅವರು ಹೇಗೆ ನಂಬುತ್ತಾರೆ ಅಂತ ಕೇಳಿದರು. ಹಾಗಂತ ಅಗಸ್ಟೀನರು ಇವತ್ತಿನ ವಿಜ್ಞಾನಿ ಆಗಿರಲಿಲ್ಲ. ಭೂಮಿಗೆ ಕೆಲವೇ ಸಾವಿರ ವರ್ಷ ಅಂತ ಅವರೂ ನಂಬಿದ್ದರು. ಆದರೆ ಓದುವಾಗ ತಲೆ ಉಪಯೋಗಿಸಬೇಕು ಅಂತ ಗೊತ್ತಿತ್ತು.

ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲಿ ಲೆಕ್ಕ ಹಾಕಿ ತೋರಿಸಿದ ಬೆಲ್ಜಿಯಂನ ಜಾರ್ಜ್ ಲೆಮೇತ್ರ್ ಕ್ಯಾಥೊಲಿಕ್ ಪಾದ್ರಿ. ಮಹಾಸ್ಫೋಟದ ವಿಚಾರದ ಬೇರು ಇರುವುದು ಅವರಲ್ಲಿ. ಹಾಗಾಗಿ 'ವಿಜ್ಞಾನ ಬೇಕಾ, ಏಸು ಬೇಕಾ' ಅಂತ ಯಾರಾದರೂ ನಿಮ್ಮನ್ನು ಒಂದು ಕಡೆ ನಿಲ್ಲಿಸಲು ನೋಡಿದರೆ, ಆ ಆಯ್ಕೆಯನ್ನು ಒಪ್ಪಿಕೊಳ್ಳಬೇಕಾಗಿಲ್ಲ.

ಆರು ದಿನದ ಸೃಷ್ಟಿಯಲ್ಲಿ ತೊಂದರೆ ಏನು?

ವಿಜ್ಞಾನದ ಮಾತು ಆಮೇಲೆ. ಮೊದಲು ಪುಸ್ತಕವನ್ನೇ ಓದೋಣ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಮೂರನೆಯ ದಿನ ಗಿಡಮರ ಬರುತ್ತವೆ, ಐದನೆಯ ದಿನ ಮೀನು ಮತ್ತು ಹಕ್ಕಿಗಳು, ಆರನೆಯ ದಿನ ನೆಲದ ಪ್ರಾಣಿಗಳು. ಎಲ್ಲದರ ಕೊನೆಗೆ ಗಂಡು ಹೆಣ್ಣು ಇಬ್ಬರೂ ಒಟ್ಟಿಗೆ (1:27). ಈಗ ಎರಡನೆಯ ಅಧ್ಯಾಯಕ್ಕೆ ಬನ್ನಿ. ಹೊಲದಲ್ಲಿ ಇನ್ನೂ ಯಾವ ಗಿಡವೂ ಇಲ್ಲ (2:5). ದೇವರು ಮಣ್ಣಿನಿಂದ ಮನುಷ್ಯನನ್ನು ಮಾಡುತ್ತಾನೆ (2:7). ಆಮೇಲೆ ತೋಟ ಮಾಡಿ ಮರ ಬೆಳೆಸುತ್ತಾನೆ. ಮನುಷ್ಯ ಒಂಟಿಯಾಗಿರುವುದು ಒಳ್ಳೆಯದಲ್ಲ ಅಂತ ಪ್ರಾಣಿ ಪಕ್ಷಿಗಳನ್ನು ಮಾಡುತ್ತಾನೆ (2:19). ಅವುಗಳಲ್ಲಿ ಸರಿಯಾದ ಜೊತೆ ಸಿಗದಿದ್ದಾಗ ಕಡೆಗೆ ಹೆಣ್ಣು ಬರುತ್ತಾಳೆ (2:22). ಎರಡರಲ್ಲೂ ಕ್ರಮ ಬೇರೆ. ದೇವರಿಗೆ ಬಳಸಿದ ಹೆಸರೂ ಬೇರೆ. ಮೊದಲನೆಯದರಲ್ಲಿ ಬರೀ 'ದೇವರು'. ಎರಡನೆಯದರಲ್ಲಿ 'ಯೆಹೋವ' ಅನ್ನುವ ಹೆಸರೂ ಸೇರುತ್ತೆ.

ಕೆಲವು ಅನುವಾದಗಳು 2:19ರಲ್ಲಿ 'ಮಾಡಿದನು' ಅನ್ನುವುದನ್ನು 'ಮೊದಲೇ ಮಾಡಿದ್ದನು' ಅಂತ ಬದಲಾಯಿಸಿ ಇದನ್ನು ಸರಿಮಾಡಲು ನೋಡುತ್ತವೆ. ಆದರೆ ಕಥೆಯ ಓಟ ಅದನ್ನು ಒಪ್ಪುವುದಿಲ್ಲ. ಮನುಷ್ಯ ಒಂಟಿ ಅನ್ನುವ ಕಾರಣಕ್ಕೇ ಅಲ್ವಾ ಪ್ರಾಣಿಗಳು ಬರುವುದು?

ಇವು ಎರಡು ಹಳೆಯ ಕಥೆಗಳು. ಯಾರೋ ಎರಡನ್ನೂ ಪ್ರೀತಿಯಿಂದ ಉಳಿಸಿಕೊಂಡು ಅಕ್ಕಪಕ್ಕ ಇಟ್ಟಿದ್ದಾರೆ. ಮೊದಲನೆಯದಕ್ಕೆ ಹಾಡಿನ ಲಯವಿದೆ. 'ಸಾಯಂಕಾಲವಾಯಿತು, ಪ್ರಾತಃಕಾಲವಾಯಿತು' ಅನ್ನುವ ಪಲ್ಲವಿ ಇದೆ. ಮೊದಲ ದಿನ ಬೆಳಕು, ನಾಲ್ಕನೆಯ ದಿನ ಬೆಳಕು ಕೊಡುವ ಸೂರ್ಯ ಚಂದ್ರ. ಎರಡನೆಯ ದಿನ ನೀರು ಮತ್ತು ಆಕಾಶ, ಐದನೆಯ ದಿನ ಮೀನು ಮತ್ತು ಹಕ್ಕಿ. ಮೂರನೆಯ ದಿನ ನೆಲ, ಆರನೆಯ ದಿನ ನೆಲದ ಜೀವಿಗಳು. ಎಷ್ಟು ಚೆಂದದ ಜೋಡಣೆ ನೋಡಿ! ಇದನ್ನು ಲ್ಯಾಬ್ ವರದಿ ಅಂತ ಓದಿದರೆ ಆ ಚೆಂದವೇ ಕಾಣುವುದಿಲ್ಲ. ನನಗೆ ಜಾಸ್ತಿ ಬೇಜಾರಾಗುವುದು ಅದಕ್ಕೇ.

ಭೂಮಿಗೆ 6000 ವರ್ಷ ಅನ್ನುವುದು ಬೈಬಲಿನಲ್ಲಿ ಎಲ್ಲಿದೆ?

ನೇರವಾಗಿ ಎಲ್ಲೂ ಇಲ್ಲ. ಇಂಥವನು ಇಷ್ಟು ವರ್ಷದವನಾಗಿದ್ದಾಗ ಇಂಥವನನ್ನು ಪಡೆದನು ಅನ್ನುವ ವಂಶಾವಳಿಗಳನ್ನು (ಆದಿಕಾಂಡ 5 ಮತ್ತು 11) ಕೂಡಿಸಿ ಮಾಡಿದ ಲೆಕ್ಕ ಅದು. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಹೀಗೆ ಕೂಡಿಸಿ ಸೃಷ್ಟಿಯಾದದ್ದು ಕ್ರಿ.ಪೂ. 4004 ಅಂತ ಬರೆದರು. ಅವರ ಕಾಲಕ್ಕೆ ಅದು ಶ್ರದ್ಧೆಯಿಂದ ಮಾಡಿದ ದೊಡ್ಡ ಕೆಲಸ. ಆದರೆ ಅದೇ ವಂಶಾವಳಿಯ ಹಳೆಯ ಗ್ರೀಕ್ ಅನುವಾದದಲ್ಲಿ ವಯಸ್ಸುಗಳೇ ಬೇರೆ ಇವೆ. ಅವನ್ನು ಕೂಡಿಸಿದರೆ ಸಾವಿರಕ್ಕೂ ಹೆಚ್ಚು ವರ್ಷ ಜಾಸ್ತಿ ಬರುತ್ತೆ. ಬೈಜಾಂಟೈನ್ ಕ್ರೈಸ್ತರ ಪಂಚಾಂಗ ಸೃಷ್ಟಿಯನ್ನು ಕ್ರಿ.ಪೂ. 5509ಕ್ಕೆ ಇಟ್ಟಿತ್ತು. ಅಕ್ಷರಶಃ ಓದಿದವರ ಉತ್ತರಗಳೇ ಹೊಂದುವುದಿಲ್ಲ.

ಇನ್ನು ಭೂಮಿಯೇ ಕೊಡುವ ಉತ್ತರ. 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಉಲ್ಕೆಗಳಲ್ಲಿರುವ ಸೀಸವನ್ನು ಅಳೆದು ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಅಂತ ಕಂಡುಹಿಡಿದರು. ಯುರೇನಿಯಂ ಗೊತ್ತಿರುವ ವೇಗದಲ್ಲಿ ಸೀಸವಾಗುತ್ತೆ. ಆ ಸೀಸವನ್ನು ಅಳೆದರೆ ಎಷ್ಟು ಕಾಲ ಆಗಿದೆ ಅಂತ ತಿಳಿಯುತ್ತೆ. ಆಮೇಲಿನ ಅಳತೆಗಳೂ ಅದರ ಹತ್ತಿರವೇ ಬಂದಿವೆ. ಆ ವಿಧಾನ ಬೇಡ ಅಂದರೆ ಮರಗಳ ಉಂಗುರ ಎಣಿಸಬಹುದು. ಯುರೋಪಿನ ಹಳೆಯ ಮರಗಳ ಉಂಗುರಗಳನ್ನು ಒಂದಕ್ಕೊಂದು ಜೋಡಿಸಿದ ಸರಣಿ 12,000 ವರ್ಷಗಳ ಆಚೆಗೆ ಹೋಗುತ್ತೆ. ಅಂಟಾರ್ಕ್ಟಿಕಾದಲ್ಲಿ ಕೊರೆದು ತೆಗೆದ ಮಂಜುಗಡ್ಡೆಯಲ್ಲಿ 8 ಲಕ್ಷ ವರ್ಷಗಳ ಹವೆಯ ದಾಖಲೆ ಇದೆ.

ನೋಹನ ಪ್ರಳಯ?

ಪ್ರಾಣಿಗಳನ್ನು ಹಡಗಿಗೆ ಸೇರಿಸಿಕೊಂಡು ನೋಹ ಪ್ರಳಯ ದಾಟುವ ಕಥೆಯೂ ಆದಿಕಾಂಡದಲ್ಲೇ ಇದೆ. ಒಂದು ಕಡೆ ಪ್ರತಿ ಜಾತಿಯಿಂದ ಎರಡು (6:19), ಇನ್ನೊಂದು ಕಡೆ ಶುದ್ಧ ಪ್ರಾಣಿಗಳಿಂದ ಏಳೇಳು (7:2). ಒಂದು ಕಡೆ ಪ್ರಳಯ 40 ದಿನ (7:17), ಇನ್ನೊಂದು ಕಡೆ 150 ದಿನ (7:24). ಇಲ್ಲೂ ಎರಡು ಕಥೆಗಳನ್ನು ಹೆಣೆದ ಗುರುತು ಕಾಣುತ್ತೆ. 1872ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಜಾರ್ಜ್ ಸ್ಮಿತ್ ನಿನೆವೆಯಿಂದ ಬಂದ ಮಣ್ಣಿನ ಹಲಗೆಯೊಂದನ್ನು ಓದಿದರು. ಅದರಲ್ಲಿ ಇಂಥದ್ದೇ ಪ್ರಳಯ, ಇಂಥದ್ದೇ ಹಡಗು ಇತ್ತು. ನೀರು ಇಳಿದಿದೆಯಾ ಅಂತ ನೋಡಲು ಹಕ್ಕಿ ಬಿಡುವುದೂ ಇತ್ತು. ಬೈಬಲಿನ ಪಾರಿವಾಳ ಮತ್ತು ಕಾಗೆ ಅಲ್ಲೂ ಹಾರುತ್ತವೆ. ಅಕ್ಕಪಕ್ಕದ ಜನ ಒಬ್ಬರ ಕಥೆಯನ್ನು ಇನ್ನೊಬ್ಬರು ತಮ್ಮ ದೇವರ ಹೆಸರಲ್ಲಿ ಹೇಳಿಕೊಂಡಿದ್ದಾರೆ.

ಏಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ (ಮತ್ತಾಯ, ಮಾರ್ಕ, ಲೂಕ, ಯೋಹಾನ) ವ್ಯತ್ಯಾಸ ಇದ್ದರೆ ಏನಾಯಿತು? ನಾಲ್ಕು ಜನ ಒಂದೇ ಅಪಘಾತ ನೋಡಿದರೆ ನಾಲ್ಕು ರೀತಿ ಹೇಳಲ್ವಾ?

ಹೇಳುತ್ತಾರೆ. ಮನುಷ್ಯರು ಹಾಗೇ. ಆದರೆ ಈ ಉತ್ತರ ಕೊಟ್ಟ ಕ್ಷಣವೇ ಸುವಾರ್ತೆಗಳು ಮನುಷ್ಯರ ನೆನಪು ಅಂತ ಒಪ್ಪಿದ ಹಾಗಾಯಿತು. 'ಒಂದು ತಪ್ಪೂ ಇಲ್ಲ' ಅನ್ನುವ ಮಾತನ್ನು ಅಲ್ಲಿಗೆ ಬಿಡಬೇಕಾಗುತ್ತೆ.

ಎರಡು ಉದಾಹರಣೆ ಸಾಕು. ಏಸುವನ್ನು ಹಿಡಿದುಕೊಟ್ಟ ಯೂದ ಹೇಗೆ ಸತ್ತ? ಮತ್ತಾಯ 27ರಲ್ಲಿ ಅವನು ಪಶ್ಚಾತ್ತಾಪಪಟ್ಟು ಹಣ ಎಸೆದು ಉರುಲು ಹಾಕಿಕೊಳ್ಳುತ್ತಾನೆ. ಆ ಹಣದಿಂದ ಹೊಲ ಕೊಳ್ಳುವುದು ಮಹಾಯಾಜಕರು. ಅಪೊಸ್ತಲರ ಕೃತ್ಯಗಳು 1:18ರಲ್ಲಿ ಹೊಲ ಕೊಳ್ಳುವುದು ಯೂದನೇ. ಅಲ್ಲಿ ಮುಖ ಕೆಳಗಾಗಿ ಬಿದ್ದು ಹೊಟ್ಟೆ ಒಡೆದು ಸಾಯುತ್ತಾನೆ. 'ಉರುಲು ಹಾಕಿಕೊಂಡ, ಹಗ್ಗ ಹರಿಯಿತು, ಕೆಳಗೆ ಬಿದ್ದ' ಅಂತ ಎರಡನ್ನೂ ಸೇರಿಸುವವರಿದ್ದಾರೆ. ಹಗ್ಗ ಹರಿದ ಕಥೆ ಬೈಬಲಿನಲ್ಲಿ ಇಲ್ಲ. ಹೊಲ ಕೊಂಡವರು ಯಾರು ಅನ್ನುವ ಪ್ರಶ್ನೆಯೂ ಹಾಗೇ ಉಳಿಯುತ್ತೆ.

ಎರಡನೆಯದು ಏಸುವಿನ ಜನನ. ಮತ್ತಾಯನ ಪ್ರಕಾರ ಅದು ಯೂದಾಯದ ರಾಜ ಮಹಾ ಹೆರೋದನ ಕಾಲ. ಹೆರೋದ ಸತ್ತದ್ದು ಕ್ರಿ.ಪೂ. 4ರ ಹೊತ್ತಿಗೆ. ಲೂಕನ ಪ್ರಕಾರ ಕುರೇನ್ಯನು ಸಿರಿಯದ ಅಧಿಪತಿಯಾಗಿದ್ದಾಗ ನಡೆದ ಜನಗಣತಿಯ ಸಮಯ. ಆ ಗಣತಿ ನಡೆದದ್ದು ಕ್ರಿ.ಶ. 6ರಲ್ಲಿ, ರೋಮ್ ಯೂದಾಯವನ್ನು ನೇರ ಆಳ್ವಿಕೆಗೆ ತೆಗೆದುಕೊಂಡ ಮೇಲೆ. ನಡುವೆ ಸುಮಾರು ಹತ್ತು ವರ್ಷದ ಅಂತರ. ಮತ್ತಾಯನಲ್ಲಿ ಮಗುವನ್ನು ಎತ್ತಿಕೊಂಡು ಐಗುಪ್ತಕ್ಕೆ ಓಡುತ್ತಾರೆ. ಲೂಕನಲ್ಲಿ ದೇವಾಲಯದ ವಿಧಿ ಮುಗಿಸಿ ನಜರೇತಿಗೆ ಹೋಗುತ್ತಾರೆ (2:39). ಇಬ್ಬರಿಗೂ ಏಸು ಬೇತ್ಲೆಹೇಮಿನಲ್ಲಿ ಹುಟ್ಟಬೇಕಿತ್ತು, ನಜರೇತಿನಲ್ಲಿ ಬೆಳೆಯಬೇಕಿತ್ತು. ಅದಕ್ಕೆ ಇಬ್ಬರೂ ಬೇರೆ ಬೇರೆ ದಾರಿ ಕಂಡುಕೊಂಡರು.

'ಮೂಲ ಪ್ರತಿಯಲ್ಲಿ ತಪ್ಪಿಲ್ಲ' ಅನ್ನುತ್ತಾರಲ್ಲ?

ಶಿಕಾಗೋ ಹೇಳಿಕೆಯೂ ಅದನ್ನೇ ಹೇಳುತ್ತೆ. ಆದರೆ ಮೂಲ ಪ್ರತಿ ಒಂದೂ ಉಳಿದಿಲ್ಲ. ನಮ್ಮ ಹತ್ತಿರ ಇರುವುದು ಕೈಯಲ್ಲಿ ಬರೆದ ನಕಲುಗಳ ನಕಲುಗಳು. ನಾಲ್ಕನೆಯ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳಾದ ಸಿನೈಟಿಕಸ್ ಮತ್ತು ವ್ಯಾಟಿಕನಸ್‌ನಲ್ಲಿ ಮಾರ್ಕನ ಸುವಾರ್ತೆ 16:8ಕ್ಕೇ ಮುಗಿಯುತ್ತೆ. ಹಾವನ್ನು ಎತ್ತಿದರೂ ವಿಷ ಕುಡಿದರೂ ಕೇಡಾಗದು ಅನ್ನುವ ಮಾತು ಇರುವುದು ಆಮೇಲೆ ಸೇರಿದ ಭಾಗದಲ್ಲಿ. ಆ ಮಾತನ್ನು ಅಕ್ಷರಶಃ ನಂಬಿ ಅಮೆರಿಕದ ಕೆಲವು ಸಭೆಗಳಲ್ಲಿ ವಿಷದ ಹಾವು ಹಿಡಿದು ಪಾಸ್ಟರ್‌ಗಳು ಪ್ರಾಣ ಕಳೆದುಕೊಂಡಿದ್ದಾರೆ. ಮೂಲದಲ್ಲಿ ಇದ್ದಿರಲಾರದ ಒಂದು ಸಾಲಿಗಾಗಿ.

'ನಿಮ್ಮಲ್ಲಿ ಪಾಪ ಮಾಡದವನು ಮೊದಲ ಕಲ್ಲು ಎಸೆಯಲಿ' ಅನ್ನುವ ಪ್ರಸಂಗವೂ (ಯೋಹಾನ 8) ಅತಿ ಹಳೆಯ ಪ್ರತಿಗಳಲ್ಲಿ ಇಲ್ಲ. ನನಗೆ ಅದು ತುಂಬ ಇಷ್ಟದ ಭಾಗ. ಇದು ಗೊತ್ತಾದ ಮೇಲೂ ಆ ಇಷ್ಟ ಕಡಿಮೆಯಾಗಲಿಲ್ಲ.

ಭವಿಷ್ಯವಾಣಿಗಳು ನಿಜವಾಗಿವೆಯಲ್ಲ?

ಪ್ರಚಾರಕರು ಹೆಚ್ಚಾಗಿ ತೋರಿಸುವುದು ಯೆಶಾಯ 7:14. 'ಕನ್ಯೆ ಗರ್ಭಿಣಿಯಾಗಿ ಮಗನನ್ನು ಹಡೆಯುವಳು'. ಹೀಬ್ರೂವಿನಲ್ಲಿ ಅಲ್ಲಿರುವ ಪದ 'ಅಲ್ಮಾ'. ಅಂದರೆ ಹರೆಯದ ಹೆಣ್ಣು. ಗ್ರೀಕ್ ಅನುವಾದಕರು ಅದಕ್ಕೆ 'ಪಾರ್ಥೆನೋಸ್', ಅಂದರೆ ಕನ್ಯೆ, ಅಂತ ಬಳಸಿದರು. ಮತ್ತಾಯ ಅದನ್ನೇ ಎತ್ತಿಕೊಂಡ. ಇಡೀ ಅಧ್ಯಾಯ ಓದಿದರೆ ವಿಷಯವೇ ಬೇರೆ. ಆಹಾಜ ಅನ್ನುವ ರಾಜನನ್ನು ಇಬ್ಬರು ಶತ್ರು ರಾಜರು ಹೆದರಿಸುತ್ತಿದ್ದಾರೆ. ಈ ಮಗುವಿಗೆ ಒಳ್ಳೆಯದು ಕೆಟ್ಟದ್ದು ತಿಳಿಯುವ ಮೊದಲೇ ಆ ಇಬ್ಬರ ದೇಶ ಹಾಳಾಗುತ್ತೆ ಅಂತ ಯೆಶಾಯ ಧೈರ್ಯ ಹೇಳುತ್ತಾನೆ (7:16). ಏಳುನೂರು ವರ್ಷದ ನಂತರ ಹುಟ್ಟುವ ಮಗುವಿನಿಂದ ಆಹಾಜನಿಗೆ ಏನು ಸಮಾಧಾನ?

ಇನ್ನೊಂದನ್ನು ಯಾರೂ ತೋರಿಸುವುದಿಲ್ಲ. ಯೆಹೆಜ್ಕೇಲ 26ರಲ್ಲಿ ಬಾಬಿಲೋನಿನ ರಾಜ ನೆಬೂಕದ್ನೆಚ್ಚರನು ತೂರ್ ಪಟ್ಟಣವನ್ನು ಕೆಡವಿ ಲೂಟಿ ಮಾಡುವನು ಅಂತ ಇದೆ. 29:18ರಲ್ಲಿ ಅದೇ ಯೆಹೆಜ್ಕೇಲ, ಅಷ್ಟು ದುಡಿದರೂ ತೂರಿನಿಂದ ಅವನಿಗಾಗಲಿ ಸೈನ್ಯಕ್ಕಾಗಲಿ ಪ್ರತಿಫಲ ಸಿಗಲಿಲ್ಲ ಅನ್ನುತ್ತಾನೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಉಳಿಸಿಕೊಂಡವರ ಪ್ರಾಮಾಣಿಕತೆ ನನಗೆ ಮೆಚ್ಚುಗೆ.

ಅಂತ್ಯಕಾಲ ಹತ್ತಿರ ಬಂದಿದೆಯಂತೆ?

ಅಮೆರಿಕದ ಪ್ರಚಾರಕ ವಿಲಿಯಂ ಮಿಲ್ಲರ್ ಅವರ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಏಸು ಬರುತ್ತಾನೆ ಅಂತ ಕಾದರು. ಕೆಲವರು ಬೆಳೆ ಕೊಯ್ಯದೇ ಬಿಟ್ಟಿದ್ದರು. ಅಮೆರಿಕದ ರೇಡಿಯೋ ಪ್ರಚಾರಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಅಂದರು. ಹೀಗೆ ನಂಬಿ ಕಳೆದುಕೊಂಡವರನ್ನು ನೋಡಿ ಯಾರೂ ನಗಬಾರದು. ಆ ದಿನ ಯಾರಿಗೂ ತಿಳಿಯದು ಅಂತ ಮಾರ್ಕ 13:32ರಲ್ಲೇ ಇದೆ. ಯಾರಾದರೂ ತಾರೀಖು ಹೇಳಿದರೆ ಈ ವಚನ ತೋರಿಸಿ. ಹಣ ಮಾತ್ರ ಕೊಡಬೇಡಿ.

ಬೈಬಲ್ ದೇವರ ವಾಕ್ಯ ಅಂತ ಬೈಬಲೇ ಹೇಳುತ್ತೆ, ಸಾಲದಾ?

ಸಾಲದು. ಹಾಗೆ ಹೇಳಿಕೊಳ್ಳುವ ಗ್ರಂಥಗಳು ಬೇರೆ ಧರ್ಮಗಳಲ್ಲೂ ಇವೆ. ಧರ್ಮಗ್ರಂಥವೆಲ್ಲ ದೇವರಿಂದ ಪ್ರೇರಿತ ಅನ್ನುವ 2 ತಿಮೊಥೆಯ 3:16 ಬರೆಯುವಾಗ ಈಗಿನ ಬೈಬಲ್ ಅನ್ನುವ ಪುಸ್ತಕವೇ ಇರಲಿಲ್ಲ. ಹೊಸ ಒಡಂಬಡಿಕೆಯ (ಏಸುವಿನ ನಂತರ ಬರೆದ ಭಾಗದ) 27 ಪುಸ್ತಕಗಳ ಪೂರ್ತಿ ಪಟ್ಟಿ ನಮಗೆ ಮೊದಲು ಸಿಗುವುದು 367ರಲ್ಲಿ, ಬಿಷಪ್ ಅಥನೇಸಿಯಸ್ ಬರೆದ ಪತ್ರದಲ್ಲಿ. ಇವತ್ತಿಗೂ ಪ್ರಾಟೆಸ್ಟೆಂಟರ ಬೈಬಲಿನಲ್ಲಿ 66 ಪುಸ್ತಕ, ಕ್ಯಾಥೊಲಿಕರದ್ದರಲ್ಲಿ 73.

ಬೈಬಲ್ ಬಿಟ್ಟರೆ ನೀತಿ ಎಲ್ಲಿಂದ ಬರುತ್ತೆ?

ಯಾಜಕಕಾಂಡ 25:44-46 ಓದಿ. ಸುತ್ತಲಿನ ಜನಾಂಗಗಳಿಂದ ಗುಲಾಮರನ್ನು ಕೊಳ್ಳಬಹುದು, ಮಕ್ಕಳಿಗೆ ಆಸ್ತಿಯಾಗಿ ಬಿಟ್ಟು ಹೋಗಬಹುದು ಅಂತ ಇದೆ. ಅಮೆರಿಕದ ದಕ್ಷಿಣದ ಬ್ಯಾಪ್ಟಿಸ್ಟರು 1845ರಲ್ಲಿ ಬೇರೆಯಾದದ್ದು ಗುಲಾಮಗಿರಿಯ ಜಗಳದಲ್ಲೇ. ಗುಲಾಮಗಿರಿಯ ವಿರುದ್ಧ ಹೋರಾಡಿದ ಕ್ರೈಸ್ತರೂ ಬೈಬಲ್ ಹಿಡಿದೇ ಹೋರಾಡಿದರು. ಅಕ್ಷರದ ಬಲ ಮಾಲೀಕರ ಕಡೆ ಜಾಸ್ತಿ ಇತ್ತು. ಆದರೆ ಸರಿ ಇದ್ದದ್ದು ವಿರೋಧಿಸಿದವರು. ಯಾವ ವಚನ ಹಿಡಿಯಬೇಕು, ಯಾವುದನ್ನು ಬಿಡಬೇಕು ಅಂತ ಅವರಿಗೆ ಹೇಳಿಕೊಟ್ಟದ್ದು ಅವರ ಮನಸ್ಸಾಕ್ಷಿ.

'ನೀವು ಯಾವತ್ತಾದರೂ ಸುಳ್ಳು ಹೇಳಿದ್ದೀರಾ?' ಅಂತ ಕೇಳಿದರೆ ಏನು ಹೇಳಲಿ?

ಇದು ಅಭ್ಯಾಸ ಮಾಡಿಕೊಂಡು ಬಂದ ಸರಣಿ. ಸುಳ್ಳು ಹೇಳಿದ್ದೀರಾ, ಏನಾದರೂ ಕದ್ದಿದ್ದೀರಾ, ಯಾರನ್ನಾದರೂ ಕೆಟ್ಟ ಆಸೆಯಿಂದ ನೋಡಿದ್ದೀರಾ. ಎಲ್ಲದಕ್ಕೂ ಹೌದು ಅಂದ ಮೇಲೆ, ದೇವರ ಕೋರ್ಟಿನಲ್ಲಿ ನಿಮಗೆ ನರಕ ಅನ್ನುತ್ತಾರೆ. ನೀವು ಸುಮ್ನೆ ಹೌದು ಅನ್ನಿ. ಮುಚ್ಚಿಡುವುದು ಏನಿದೆ? ಕೊನೆಗೆ ಒಂದೇ ಪ್ರಶ್ನೆ ಕೇಳಿ. 'ಒಂದು ಸುಳ್ಳಿಗೆ ಕೊನೆಯೇ ಇಲ್ಲದ ಶಿಕ್ಷೆ ನ್ಯಾಯ ಅಂತ ನಿಮಗೆ ಅನ್ನಿಸುತ್ತಾ?'

ರೈಲಿನಲ್ಲಿ ಒಬ್ಬ ಹುಡುಗನನ್ನು ನಾನು ಹೀಗೆ ಕೇಳಿದೆ. ತುಂಬ ಹೊತ್ತು ಕಿಟಕಿಯ ಕಡೆ ನೋಡುತ್ತಾ ಕೂತ. 'ರಾತ್ರಿ ಮಲಗಿದಾಗ ನನಗೂ ಇದೇ ಪ್ರಶ್ನೆ ಬರುತ್ತೆ ಅಣ್ಣ. ನಮ್ಮ ತಾತ ನಂಬದೇ ತೀರಿಹೋದರು' ಅಂದ. ಆಮೇಲೆ ಕರಪತ್ರಗಳು ಚೀಲದಲ್ಲೇ ಉಳಿದವು. ಅವರ ತಾತನ ಬಗ್ಗೆ ಮಾತಾಡಿದೆವು.

'ನಿಮ್ಮ ಲೆಕ್ಕ ತಪ್ಪಾದರೆ? ನಂಬಿದರೆ ನಷ್ಟ ಏನು?'

ಹದಿನೇಳನೆಯ ಶತಮಾನದ ಫ್ರೆಂಚ್ ಚಿಂತಕ ಪಾಸ್ಕಲ್ ಕಾಲದಿಂದ ಪ್ರಸಿದ್ಧವಾದ ವಾದ. ಇದು ಎರಡೇ ದಾರಿ ಇವೆ ಅಂತ ಅಂದುಕೊಳ್ಳುತ್ತೆ. ಬೇರೆ ಧರ್ಮದವರೂ ಇದೇ ಮಾತು ಹೇಳಿ ಹೆದರಿಸಬಹುದು. ಎಲ್ಲರ ನರಕಕ್ಕೂ ಹೆದರಿ ಎಲ್ಲರನ್ನೂ ನಂಬಲು ಆಗುತ್ತಾ? ಅಲ್ಲದೆ, ಮನಸ್ಸಿಗೆ ಒಪ್ಪದ್ದನ್ನು ಒಪ್ಪಿದ ಹಾಗೆ ನಟಿಸಿದರೆ ಎಲ್ಲ ಬಲ್ಲ ದೇವರಿಗೆ ಗೊತ್ತಾಗುವುದಿಲ್ವಾ?

ಆಸ್ಪತ್ರೆಯಲ್ಲಿ ಪ್ರಾರ್ಥನೆ ಮಾಡುತ್ತೇವೆ ಅಂತ ಬಂದರೆ?

ನಮ್ಮ ಅಪ್ಪ ಮಲಗಿದ್ದಾಗ ಇಬ್ಬರು ಬಂದಿದ್ದರು, ಬೇರೆ ಬೇರೆ ದಿನ. ಮೊದಲನೆಯವರು ನಾನು ಔಷಧಿ ತರಲು ಹೋದಾಗ ಬಂದು, ಪೂರ್ತಿ ನಂಬಿಕೆ ಇಟ್ಟರೆ ರೋಗ ಬಿಟ್ಟು ಹೋಗುತ್ತೆ ಅಂದರು. ರೋಗ ಹೋಗಲಿಲ್ಲ. ಅಪ್ಪ ಎರಡು ದಿನ 'ನನ್ನ ನಂಬಿಕೆ ಸಾಲಲಿಲ್ಲವೇನೋ' ಅಂತ ಕೊರಗಿದರು. ನೋವಿನಲ್ಲಿ ಇರುವವರ ಮೇಲೆ ಇನ್ನೊಂದು ಹೊರೆ ಹೇರುವುದು ಕ್ರೌರ್ಯ. ಎರಡನೆಯವರು ಒಬ್ಬ ವಯಸ್ಸಾದ ಅಮ್ಮ. 'ಪ್ರಾರ್ಥನೆ ಮಾಡಲಾ ಅಣ್ಣ?' ಅಂತ ಕೇಳಿದರು. ಅಪ್ಪ ತಲೆಯಾಡಿಸಿದರು. ಕೈ ಹಿಡಿದು ಎರಡು ನಿಮಿಷ ಕೂತು ಎದ್ದು ಹೋದರು. ಅವತ್ತು ಅಪ್ಪ ಚೆನ್ನಾಗಿ ನಿದ್ದೆ ಮಾಡಿದರು.

ಹಾಗಾಗಿ ನನ್ನ ನಿಯಮ ಇಷ್ಟು. ರೋಗಿಯನ್ನು ಮೊದಲು ಕೇಳಬೇಕು. ವಾಸಿಯಾಗುತ್ತೆ ಅಂತ ಮಾತು ಕೊಡಬಾರದು. ಮಾತ್ರೆ ನಿಲ್ಲಿಸಿ ಅಂತ ಯಾರಾದರೂ ಅಂದರೆ ತಕ್ಷಣ ನರ್ಸ್‌ಗೆ ಹೇಳಿ.

ಜಗಳವಾಡದೆ ಬೇಡ ಅನ್ನುವುದು ಹೇಗೆ?

'ನನಗೆ ಆಸಕ್ತಿ ಇಲ್ಲ, ಬಂದದ್ದಕ್ಕೆ ಥ್ಯಾಂಕ್ಸ್' ಸಾಕು. ಕಾರಣ ಕೊಡಬೇಕಾಗಿಲ್ಲ. ಮಾತಾಡುವ ಮನಸ್ಸಿದ್ದರೆ, ಅವರು ಆರಿಸಿದ ಒಂದು ವಚನದ ಬದಲು ಇಡೀ ಅಧ್ಯಾಯ ಒಟ್ಟಿಗೆ ಓದೋಣ ಅನ್ನಿ. ಒತ್ತಾಯ ಜಾಸ್ತಿಯಾದರೆ 1 ಪೇತ್ರ 3:15 ನೆನಪಿಸಿ. ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಅಂತ ಅಲ್ಲಿದೆ. ಜೊತೆಗೇ ಸಾತ್ವಿಕತೆಯಿಂದ, ಗೌರವದಿಂದ ಕೊಡಿ ಅಂತಲೂ ಇದೆ.

ಹತ್ತಿರದವರೇ ಹೀಗೆ ಅಕ್ಷರಶಃ ನಂಬಲು ಶುರು ಮಾಡಿದರೆ?

ಮೊದಲ ದಿನವೇ ಯೂದನ ಸಾವಿನ ಬಗ್ಗೆ ವಾದ ಮಾಡಬೇಡಿ. ನಾನು ಒಬ್ಬ ಗೆಳೆಯನ ಜೊತೆ ಹಾಗೆ ಮಾಡಿ ಎರಡು ವರ್ಷ ಅವನ ಮಾತನ್ನೇ ಕಳೆದುಕೊಂಡೆ. ಅವನು ಕುಡಿತ ಬಿಟ್ಟದ್ದು ಅವನು ಸೇರಿದ ಸಭೆಯವರ ಸಹಾಯದಿಂದ. ನಾನು ವಚನಗಳ ತಪ್ಪು ಎಣಿಸುತ್ತಿದ್ದೆ. ಅವನಿಗೆ ಕೇಳಿಸುತ್ತಿದ್ದದ್ದು 'ಮತ್ತೆ ಕುಡಿ' ಅಂತ. ಅವರಿಗೆ ಅಲ್ಲಿ ಏನು ಸಿಕ್ಕಿತು ಅಂತ ಮೊದಲು ಕೇಳಿ.

ಮಗು ನರಕಕ್ಕೆ ಹೆದರಿ ರಾತ್ರಿ ಎದ್ದು ಅಳುತ್ತೆ. ಏನು ಮಾಡಲಿ?

ಅಪ್ಪಿಕೊಳ್ಳಿ. 'ಯಾರೂ ನಿನ್ನನ್ನು ಸುಡುವುದಿಲ್ಲ' ಅಂತ ನೇರವಾಗಿ ಹೇಳಿ. ಮಗು ಹೆದರುವ ಹಾಗೆ ಪಾಠ ಮಾಡುವವರ ಹತ್ತಿರ ಹೋಗಿ, ಇನ್ನು ಮುಂದೆ ಬೇಡ ಅಂತ ಗಟ್ಟಿಯಾಗಿ ಹೇಳಿ. ಸ್ವಲ್ಪ ದೊಡ್ಡ ಮಕ್ಕಳಿಗೆ 'ನರಕ' ಅನ್ನುವುದರ ಹಿಂದಿರುವ ಪದಗಳ ಕಥೆ ಹೇಳಬಹುದು. ಹಳೆ ಒಡಂಬಡಿಕೆಯ (ಏಸುವಿಗೂ ಮೊದಲು ಬರೆದ ಭಾಗದ) 'ಷೆಯೋಲ್' ಒಳ್ಳೆಯವರು ಕೆಟ್ಟವರು ಅನ್ನದೆ ಸತ್ತವರೆಲ್ಲ ಹೋಗುವ ಜಾಗ. ಏಸು ಹೇಳಿದ 'ಗೆಹೆನ್ನಾ' ಜೆರುಸಲೇಮಿನ ಪಕ್ಕದ ಹಿನ್ನೋಮ್ ಕಣಿವೆಯ ಹೆಸರು. ಹೊಸ ಒಡಂಬಡಿಕೆಯಲ್ಲಿರುವ ಅಪೊಸ್ತಲ ಪೌಲನ ಪತ್ರಗಳಲ್ಲಿ 'ಗೆಹೆನ್ನಾ' ಅನ್ನುವ ಪದ ಒಮ್ಮೆಯೂ ಬರುವುದಿಲ್ಲ.

ಇಷ್ಟೆಲ್ಲ ಆದಮೇಲೂ ನೀವು ಬೈಬಲ್ ಯಾಕೆ ಓದುತ್ತೀರಿ? ನಾನು ಎಲ್ಲಿಂದ ಶುರು ಮಾಡಲಿ?

ಯೋಬನಿಗಾಗಿ ಓದುತ್ತೇನೆ. ತಪ್ಪು ಮಾಡದೆ ಎಲ್ಲ ಕಳೆದುಕೊಂಡವನು ದೇವರನ್ನೇ ಪ್ರಶ್ನಿಸುತ್ತಾನೆ. ಅವನಿಗೆ ಬುದ್ಧಿ ಹೇಳಲು ಬಂದ ಗೆಳೆಯರು ಸರಿಯಾಗಿ ಮಾತಾಡಲಿಲ್ಲ ಅಂತ ಕೊನೆಯಲ್ಲಿ ದೇವರೇ ಅನ್ನುತ್ತಾನೆ (42:7).

ನೀವು ಮಾರ್ಕನಿಂದ ಶುರು ಮಾಡಿ. ನಾಲ್ಕರಲ್ಲಿ ಚಿಕ್ಕದು ಅದೇ. ಒಂದೇ ಸಲಕ್ಕೆ ಕೂತು ಓದಬಹುದು. 16:8ಕ್ಕೆ ನಿಲ್ಲಿಸಿ. ಹೆಂಗಸರು ಸಮಾಧಿಯಿಂದ ನಡುಗುತ್ತಾ ಓಡಿಹೋಗುತ್ತಾರೆ, ಹೆದರಿದ್ದರಿಂದ ಯಾರಿಗೂ ಏನೂ ಹೇಳುವುದಿಲ್ಲ. ಆಮೇಲೆ ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆದು, ಅದೇ ಬೆಳಗ್ಗೆ ಸಮಾಧಿಗೆ ಯಾರು ಹೋದರು, ಅಲ್ಲಿ ಯಾರನ್ನು ಕಂಡರು, ಯಾರಿಗೆ ಹೇಳಿದರು ಅಂತ ನಾಲ್ಕು ಸುವಾರ್ತೆಗಳಿಂದ ಬರೆದುಕೊಳ್ಳಿ. ಸಾಧ್ಯವಾದರೆ ನಿಮ್ಮ ಬಾಗಿಲಿಗೆ ಬಂದವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ.